ಗಾಳ ಹಿಡಿದವರ ಲೆಕ್ಕಪುಸ್ತಕ

ಕೋಲ್ಕತ್ತಾದ ಖಿದಿರ್‌ಪುರಕ್ಕೆ ಹಡಗು ಬರಬೇಕಾದರೆ ಹೂಗ್ಲಿ ನದಿಯ ಉಬ್ಬರಕ್ಕೆ ಕಾಯಬೇಕು. ಸಮುದ್ರದಿಂದ ನೂರಕ್ಕೂ ಹೆಚ್ಚು ಕಿಲೋಮೀಟರು ಒಳಗೆ, 1890ರ ದಶಕದ ಆರಂಭದಲ್ಲಿ ತೆರೆದ ಈ ಹಡಗುಕಟ್ಟೆಗೆ ಮೊದಲಿನಿಂದಲೂ ಹೂಳಿನದೇ ಕಾಟ. ಆ ಹೂಳನ್ನು ತೊಳೆದು ಕೋಲ್ಕತ್ತಾ ಬಂದರನ್ನು ಉಳಿಸಲೆಂದೇ ಗಂಗೆಗೆ ಅಡ್ಡಲಾಗಿ ಫರಕ್ಕಾ ಬ್ಯಾರೇಜು ಎದ್ದಿತು. 1975ರಲ್ಲಿ ಅದು ಕೆಲಸ ಆರಂಭಿಸಿತು. ಸೆಕೆಂಡಿಗೆ 40,000 ಘನ ಅಡಿಯವರೆಗೆ ನೀರನ್ನು ಕಾಲುವೆಯ ಮೂಲಕ ಹೂಗ್ಲಿಯ ಕಡೆಗೆ ತಿರುಗಿಸುವುದು ಅದರ ಉದ್ದೇಶ. ಮೊಟ್ಟೆಯಿಡಲು ಸಮುದ್ರದಿಂದ ಹೊರಟು ಅಲಹಾಬಾದಿನವರೆಗೂ ಏರಿ ಹೋಗುತ್ತಿದ್ದ ಹಿಲ್ಸಾ ಮೀನಿನ ದಾರಿ ಅಂದಿನಿಂದ ಕಟ್ಟಿತು. ಬಿಹಾರ, ಉತ್ತರ ಪ್ರದೇಶದ ಮೀನುಗಾರರ ಬಲೆಯಲ್ಲಿ ಹಿಲ್ಸಾ ಅಪರೂಪವಾಯಿತು.

ಈ ನಷ್ಟ ತಕ್ಷಣ ಗೊತ್ತಾಗಲು ಒಂದು ಕಾರಣವಿದೆ. ಹಿಲ್ಸಾ ಮಾರುಕಟ್ಟೆಯ ಮೀನು. ಹಿಡಿದವನಿಗೆ ಅದು ಅನ್ನ, ಕೊಂಡವನಿಗೆ ಹಬ್ಬ, ಅಂಗಡಿಯವನ ಬಳಿ ತೂಕದ ಲೆಕ್ಕ. ಬುಟ್ಟಿ ಖಾಲಿಯಾದ ದಿನವೇ ಗಲಾಟೆ ಎದ್ದಿತು. ಆದರೆ ಮಾರುಕಟ್ಟೆಗೆ ಬಾರದ, ಕಾಡಿನೊಳಗಿನ ಮಡುಗಳಲ್ಲಿ ಬದುಕುವ ಮೀನೊಂದು ಕಡಿಮೆಯಾಗುತ್ತ ಹೋದರೆ ಅದನ್ನು ಯಾರು ಗಮನಿಸುತ್ತಾರೆ? ಕಾವೇರಿಯ ಗೂನುಬೆನ್ನಿನ ಮಹಶೀರ್ ಎದುರು ನಿಂತಿರುವ ಪ್ರಶ್ನೆ ಇದು. ಅದಕ್ಕೆ ಸಿಗುವ ಉತ್ತರ ಪರಿಸರಪ್ರೇಮಿಗಳಲ್ಲಿ ಅನೇಕರಿಗೆ ಹಿಡಿಸುವುದಿಲ್ಲ. ಗಮನಿಸಿದವರು ಗಾಳ ಹಾಕುತ್ತಿದ್ದವರು. ಅವರನ್ನು ನದಿಯಿಂದ ಹೊರಗೆ ಕಳಿಸಿದ ಮೇಲೆ ಆ ಲೆಕ್ಕವೂ ನಿಂತಿತು.

ಮೀನಿನ ವಿಷಯದಲ್ಲಿ ಖಿದಿರ್‌ಪುರದ ಆಸುಪಾಸಿಗೂ ಕನ್ನಡ ನಾಡಿಗೂ ಹಳೆಯ ನಂಟಿದೆ. ಇಲ್ಲಿಂದ ಸ್ವಲ್ಪ ಕೆಳಗೆ, ಗಾರ್ಡನ್ ರೀಚಿನ ಎದುರು ದಡದ ಶಿಬ್‌ಪುರದಲ್ಲಿ 1787ರಲ್ಲಿ ಆರಂಭವಾದ ಸಸ್ಯೋದ್ಯಾನವಿದೆ. 1814-15ರಲ್ಲಿ ಅದರ ಮೇಲ್ವಿಚಾರಕನಾಗಿದ್ದವನು ಫ್ರಾನ್ಸಿಸ್ ಬುಕಾನನ್. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಮೈಸೂರು, ಕೆನರಾ, ಮಲಬಾರುಗಳನ್ನು ಊರೂರು ಅಲೆದು ವರದಿ ಬರೆದ ಅದೇ ಬುಕಾನನ್. ಗಂಗೆಯ ಮೀನುಗಳ ಬಗ್ಗೆ ಅವನು ಬರೆದ ಗ್ರಂಥ 1822ರಲ್ಲಿ ಪ್ರಕಟವಾಯಿತು. 250ಕ್ಕೂ ಹೆಚ್ಚು ಬಗೆಯ ಮೀನುಗಳ ವಿವರಣೆ ಅದರಲ್ಲಿದೆ. ಮಹಶೀರ್ ಗುಂಪಿಗೆ ಇವತ್ತಿಗೂ ನಿಂತಿರುವ 'ಟಾರ್' ಎಂಬ ಶಾಸ್ತ್ರೀಯ ಹೆಸರಿನ ಮೂಲ ಆ ಪುಸ್ತಕ. ಖಿದಿರ್‌ಪುರದಿಂದ ತೆಂಕಣಕ್ಕೆ ಹೊರಳಿದರೆ ನ್ಯೂ ಅಲೀಪುರ, ಅಲ್ಲಿ 1916ರಲ್ಲಿ ಸ್ಥಾಪನೆಯಾದ ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆಯ ಕೇಂದ್ರ ಕಚೇರಿ. ಆ ಸಂಸ್ಥೆಯ ನಿರ್ದೇಶಕರಾಗಿದ್ದ ಸುಂದರ್ ಲಾಲ್ ಹೋರಾ ಭಾರತದ ಸಿಹಿನೀರಿನ ಮೀನುಗಳ ಅಧ್ಯಯನಕ್ಕೆ ಬದುಕನ್ನೇ ಕೊಟ್ಟವರು.

ಹೋರಾ 1951ರಲ್ಲಿ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದ ಒಂದು ಲೇಖನ ಕನ್ನಡಿಗರಿಗೆ ವಿಶೇಷವಾದದ್ದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸುಮಾರು 1130ರ ಹೊತ್ತಿಗೆ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದ ಎಂಬ ಅಧ್ಯಾಯವಿದೆ. ಅದನ್ನು ಮೀನುವಿಜ್ಞಾನಿಯ ಕಣ್ಣಿನಿಂದ ಓದಿದ ಲೇಖನವದು. ಯಾವ ಮೀನು ಎಲ್ಲಿರುತ್ತದೆ, ಯಾವುದಕ್ಕೆ ಯಾವ ಆಹಾರ ಹಾಕಿ ಒಲಿಸಬೇಕು, ಕೋಲು, ದಾರ, ಗಾಳಗಳು ಹೇಗಿರಬೇಕು ಎಂಬುದನ್ನೆಲ್ಲ ದೊರೆ ವಿವರವಾಗಿ ಹೇಳುತ್ತಾನೆ. ಮೂವತ್ತಕ್ಕೂ ಹೆಚ್ಚು ಬಗೆಯ ಮೀನುಗಳ ಹೆಸರಿದೆ. ಮೀನು ಹಿಡಿಯುವುದನ್ನು ಹೊಟ್ಟೆಪಾಡಿನ ಆಚೆಗೆ ಒಂದು ವಿನೋದವಾಗಿ ಕಂಡು, ಅದಕ್ಕೊಂದು ಶಾಸ್ತ್ರ ಬರೆದ ಗ್ರಂಥ ಇಂಗ್ಲೆಂಡಿನ ಗಾಳದ ಪುಸ್ತಕಗಳಿಗಿಂತ ಶತಮಾನಗಳಷ್ಟು ಮೊದಲೇ ದಖನ್ನಿನಲ್ಲಿ ಹುಟ್ಟಿತ್ತು. ಗಾಳದ ಹವ್ಯಾಸ ಬಿಳಿಯರು ತಂದು ಅಂಟಿಸಿದ ಚಟ, ಅದು ಹೋದರೆ ನಷ್ಟವೇನು ಎಂದು ವಾದಿಸುವವರು ಈ ಅಧ್ಯಾಯವನ್ನು ನೋಡಬೇಕು. ವಿನೋದ ಮತ್ತು ಅರಿವು ಅಲ್ಲಿ ಒಟ್ಟೊಟ್ಟಿಗೆ ಇವೆ. ಹಿಡಿಯಬೇಕೆಂಬ ಆಸೆಯಿಂದಲೇ ಮೀನಿನ ಸ್ವಭಾವದ ಬಗ್ಗೆ ಅಷ್ಟು ತಿಳಿವಳಿಕೆ ಬಂದಿದೆ.

ಬ್ರಿಟಿಷರ ಕಾಲದಲ್ಲೂ ಇದೇ ನಡೆಯಿತು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್ ಜಿಲ್ಲೆಯ ಹೊಳೆಗಳ ಮೀನಿನ ಬಗ್ಗೆ ಸರ್ಕಾರಕ್ಕೆ ವರದಿ ಕೊಟ್ಟ. 1873ರಲ್ಲಿ ಅವನ 'ದಿ ರಾಡ್ ಇನ್ ಇಂಡಿಯಾ' ಪ್ರಕಟವಾಯಿತು. ಮಹಶೀರ್ ಬಗ್ಗೆ ಅಷ್ಟು ಪ್ರೀತಿಯಿಂದ ಬರೆದ ಆರಂಭದ ಪುಸ್ತಕಗಳಲ್ಲಿ ಅದೊಂದು. ಮುಂದೆ 1897ರಲ್ಲಿ, ಕಲ್ಕತ್ತಾ ಇನ್ನೂ ರಾಜಧಾನಿಯಾಗಿದ್ದಾಗ, ಭಾರತೀಯ ಮೀನುಗಾರಿಕಾ ಕಾಯ್ದೆ ಬಂತು. ನೀರಿಗೆ ಸಿಡಿಮದ್ದು ಹಾಕುವುದನ್ನೂ ವಿಷ ಬೆರೆಸುವುದನ್ನೂ ಅದು ಅಪರಾಧವೆಂದು ಸಾರಿತು. ಶಿಕ್ಷೆ ಎರಡು ತಿಂಗಳವರೆಗಿನ ಸೆರೆವಾಸ, ಇಲ್ಲವೇ 200 ರೂಪಾಯಿವರೆಗಿನ ದಂಡ. ಕಾಯ್ದೆ ಬಂದು ಒಂದು ಶತಮಾನ ಕಳೆದ ಮೇಲೂ ಕಾವೇರಿಯ ಮಡುಗಳಲ್ಲಿ ತೋಟೆ ಸಿಡಿಯುತ್ತಲೇ ಇತ್ತು. ಕಾನೂನಿನ ಪುಸ್ತಕ ಮಡುವಿನ ದಡದಲ್ಲಿ ರಾತ್ರಿ ಕಾವಲು ಕೂರುವುದಿಲ್ಲ. ಅದಕ್ಕೆ ಮನುಷ್ಯರು ಬೇಕು.

ಮೀನಿನ ವಿಷಯಕ್ಕೆ ಬರೋಣ. ಶಿವನಸಮುದ್ರದ ಜಲಪಾತದ ಕೆಳಗೆ, ಭೀಮೇಶ್ವರಿ, ದೊಡ್ಡಮಾಕಳಿ, ಗಾಲಿಬೋರೆ, ಮುತ್ತತ್ತಿ, ಸಂಗಮಗಳ ನಡುವೆ ಕಾವೇರಿ ಬಂಡೆಗಳ ಮಧ್ಯೆ ನುಗ್ಗಿ, ಮಡುಗಳಲ್ಲಿ ತಂಗಿ ಹರಿಯುತ್ತದೆ. ಆ ಮಡುಗಳ ದೊರೆ ಗೂನುಬೆನ್ನಿನ ಮಹಶೀರ್. ತಲೆಯ ಹಿಂದೆ ಎದ್ದು ಕಾಣುವ ಗೂನು, ಕಿತ್ತಳೆ ಬಣ್ಣದ ರೆಕ್ಕೆಗಳು, ಅಂಗೈಯಗಲದ ಹುರುಪೆ. ಬಾಯಿಯಲ್ಲಿ ಹಲ್ಲಿಲ್ಲ. ಗಂಟಲಿನೊಳಗಿನ ಹಲ್ಲುಗಳಿಂದ ಏಡಿಯನ್ನೂ ಚಿಪ್ಪನ್ನೂ ಪುಡಿಮಾಡುತ್ತದೆ. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ಪ್ರಸಿದ್ಧ ಚರ್ಮಪ್ರಸಾಧಕ ಮನೆತನದ ಡಿ ವೆಟ್ ವಾನ್ ಇಂಗನ್ ಹಿಡಿದ ಮೀನು 120 ಪೌಂಡು, ಎಂದರೆ ಸುಮಾರು 54 ಕಿಲೋ ತೂಗಿತ್ತು. ಗಾಳಕ್ಕೆ ಸಿಕ್ಕ ಮಹಶೀರ್‌ಗಳಲ್ಲಿ ಅದೇ ದಾಖಲೆ ಎಂದು ಇಂದಿಗೂ ಹೇಳಲಾಗುತ್ತದೆ.

ಸ್ವಾತಂತ್ರ್ಯದ ನಂತರ ಈ ಮೀನನ್ನು ಹೊರಜಗತ್ತು ಮರೆತೇಬಿಟ್ಟಿತ್ತು. 1977ರಲ್ಲಿ ಮೂವರು ಇಂಗ್ಲಿಷ್ ಯುವಕರ ತಂಡ ಭಾರತಕ್ಕೆ ಬಂದು ಕಾವೇರಿಯಲ್ಲಿ ಮತ್ತೆ ದೊಡ್ಡ ಮಹಶೀರ್‌ಗಳನ್ನು ಹಿಡಿದ ಮೇಲೆ ಸುದ್ದಿ ಹಬ್ಬಿತು. ಅದಕ್ಕೂ ಮೊದಲೇ, 1972ರಲ್ಲಿ, ಬೆಂಗಳೂರಿನ ಹವ್ಯಾಸಿಗಳು ಕಟ್ಟಿದ ದಕ್ಷಿಣ ಭಾರತ ವನ್ಯಜೀವಿ ಸಂಘ ನದಿಯ ಒಂದು ಭಾಗವನ್ನು ಗುತ್ತಿಗೆಗೆ ಪಡೆದು ಕಾವಲುಗಾರರನ್ನು ನೇಮಿಸಿತು. ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಭೀಮೇಶ್ವರಿ, ದೊಡ್ಡಮಾಕಳಿ, ಗಾಲಿಬೋರೆಗಳಲ್ಲಿ ಶಿಬಿರಗಳನ್ನು ತೆರೆಯಿತು. ಹಿಡಿದ ಮೀನನ್ನು ಮತ್ತೆ ನೀರಿಗೆ ಬಿಡಬೇಕು ಎಂಬುದು ಅಲ್ಲಿನ ಕಟ್ಟಳೆ.

ಆ ಶಿಬಿರಗಳಲ್ಲಿ ಗಾಳ ಹಾಕುವ ರೀತಿ ಕಾವೇರಿಯದೇ. ರಾಗಿ ಹಿಟ್ಟನ್ನು ಬೇಯಿಸಿ ನಾದಿ ಕಟ್ಟಿದ ಉಂಡೆ, ಇಲ್ಲವೇ ಏಡಿ, ಇಲ್ಲವೇ ಸಣ್ಣ ಮೀನು ಎರೆಯಾಗುತ್ತಿತ್ತು. ಬಿದಿರು ಹೆಣೆದು ತಳಕ್ಕೆ ಡಾಂಬರು ಬಳಿದ ಹರಿಗೋಲಿನಲ್ಲಿ ಅಂಬಿಗ ಒಂದೇ ಹುಟ್ಟಿನಿಂದ ಸುಳಿಗಳ ನಡುವೆ ದಾರಿ ಮಾಡಿಕೊಳ್ಳುತ್ತಿದ್ದ. ಮೀನು ಕಚ್ಚಿತೆಂದರೆ ನೇರ ಬಂಡೆಗಳ ಸಂದಿಗೆ ನುಗ್ಗುತ್ತದೆ, ನೂಲು ಕಲ್ಲಿಗೆ ಉಜ್ಜಿ ಕಡಿಯುತ್ತದೆ. ಅದು ಹೋದ ಕಡೆಗೆಲ್ಲ ಹರಿಗೋಲು ಬಿಟ್ಟುಕೊಂಡು, ರಭಸದ ಹರಿವನ್ನೂ ಇಳಿದು, ಬಂಡೆಯ ಆಚೆ ಬದಿಯಿಂದ ನೂಲು ಬಿಡಿಸಬೇಕು. ಆ ಅಂಬಿಗನಿಲ್ಲದೆ ವಿದೇಶದ ಎಷ್ಟು ದುಬಾರಿ ರೀಲಿದ್ದರೂ ಪ್ರಯೋಜನವಿಲ್ಲ. ಮಾರ್ಗದರ್ಶಕರಾಗಿ ಕೆಲಸಕ್ಕೆ ಸೇರಿದವರಲ್ಲಿ ಹಲವರು ಸುತ್ತಲಿನ ಹಳ್ಳಿಗಳವರು. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದವರೂ ಅವರಲ್ಲಿದ್ದರು. ಅವರಿಗೆ ಪ್ರತಿ ಮಡುವಿನ ಆಳ ಗೊತ್ತು, ತೋಟೆ ಹಾಕುವವರು ಯಾವ ದಾರಿಯಿಂದ ಬರುತ್ತಾರೆಂಬುದೂ ಗೊತ್ತು. ನದಿಯ ಕಾವಲಿಗೆ ಇವರಿಗಿಂತ ತಕ್ಕವರನ್ನು ಯಾವ ಇಲಾಖೆಯೂ ಪರೀಕ್ಷೆ ನಡೆಸಿ ಆರಿಸಲಾರದು.

ಗಾಲಿಬೋರೆಯ ಶಿಬಿರದಲ್ಲಿ ಒಂದು ರೂಢಿಯಿತ್ತು. ಯಾರು, ಎಷ್ಟು ಹೊತ್ತು ಗಾಳ ಹಾಕಿದರು, ಏನು ಸಿಕ್ಕಿತು, ತೂಕವೆಷ್ಟು ಎಂಬುದನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಬ್ರಿಟನ್ನಿನ ಏಡ್ರಿಯನ್ ಪಿಂಡರ್, ಕೇರಳದ ರಾಜೀವ್ ರಾಘವನ್ ಮತ್ತು ಅವರ ಸಂಗಡಿಗರು ಆ ಪುಸ್ತಕಗಳನ್ನು ಕೂತು ಓದಿದರು. 1998ರಿಂದ 2012ರವರೆಗೆ 23,620 ಗಂಟೆಗಳ ಗಾಳ, 6,161 ಮಹಶೀರ್, ಅವುಗಳಲ್ಲಿ ಅತಿ ದೊಡ್ಡದು 46.8 ಕಿಲೋ. 2015ರಲ್ಲಿ ಪ್ರಕಟವಾದ ಅವರ ವಿಶ್ಲೇಷಣೆ ಎರಡು ವಿಷಯಗಳನ್ನು ಹೇಳಿತು. ಮೊದಲನೆಯದು ಸಮಾಧಾನದ ಮಾತು: ಕಾವಲಿದ್ದ ಆ ನೀರಿನಲ್ಲಿ ಮಹಶೀರ್‌ಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರಿತ್ತು. ಎರಡನೆಯದು ಎದೆ ನಡುಗಿಸುವಂಥದ್ದು. ಏರಿದ್ದು ನೀಲಿರೆಕ್ಕೆಯ ಮಹಶೀರ್, ಕಾವೇರಿಯ ಸ್ವಂತ ಗೂನುಬೆನ್ನಿನ ಮೀನು ಅಳಿವಿನ ಕಡೆಗೆ ಜಾರುತ್ತಿತ್ತು. ಸಿಗುತ್ತಿದ್ದ ಮೀನುಗಳ ಸರಾಸರಿ ತೂಕ ಇಳಿಯುತ್ತ ಬಂದಿತ್ತು.

ಇನ್ನೊಂದು ಸಂಗತಿಯೂ ಇಲ್ಲಿ ಸೇರಿಕೊಂಡಿದೆ. ನೂರೈವತ್ತು ವರ್ಷ ಜಗತ್ಪ್ರಸಿದ್ಧವಾಗಿದ್ದ ಈ ಮೀನಿನ ಶಾಸ್ತ್ರೀಯ ಗುರುತೇ ಖಚಿತವಿರಲಿಲ್ಲ. 2018ರ ಜೂನ್‌ನಲ್ಲಿ ಪಿಂಡರ್, ರಾಘವನ್ ಮತ್ತಿತರರು ಮೋಯಾರ್ ನದಿಯ ಮೀನುಗಳನ್ನು ಪರೀಕ್ಷಿಸಿ, ಕೇರಳದ ಪಾಂಬಾರ್ ಹೊಳೆಯಿಂದ ಹಿಂದೆ ವಿವರಿಸಲಾಗಿದ್ದ ಟಾರ್ ರೆಮಾದೇವಿಯೇ ಗೂನುಬೆನ್ನಿನ ಮಹಶೀರ್ ಎಂದು ತೋರಿಸಿಕೊಟ್ಟರು. ಪಾಂಬಾರ್ ಕೂಡ ಕಾವೇರಿಯ ಕುಟುಂಬದ್ದೇ. ರೆಮಾದೇವಿ ಎಂಬ ಹೆಸರು ಬಂದದ್ದು ಪ್ರಾಣಿ ಸರ್ವೇಕ್ಷಣ ಸಂಸ್ಥೆಯ ವಿಜ್ಞಾನಿ ಕೆ. ರೆಮಾ ದೇವಿಯವರಿಂದ. ಅದೇ ವರ್ಷ ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಅದನ್ನು ಕೆಂಪು ಪಟ್ಟಿಯ 'ಅತ್ಯಂತ ಅಪಾಯದಲ್ಲಿರುವ' ವರ್ಗಕ್ಕೆ ಸೇರಿಸಿತು. ಹೆಸರು ಖಚಿತವಾದ ವರ್ಷವೇ ಅಳಿವಿನ ಪಟ್ಟಿಗೂ ಸೇರಿದ ಮೀನು ಇದು. ಈ ಎರಡಕ್ಕೂ ಸಾಕ್ಷ್ಯವಾಗಿ ಬಂದವುಗಳಲ್ಲಿ ಗಾಳದವರ ಫೋಟೋಗಳು, ಟಿಪ್ಪಣಿಗಳು, ತೂಕದ ಲೆಕ್ಕಗಳು ಸೇರಿದ್ದವು.

ಅಷ್ಟರಲ್ಲಿ ಶಿಬಿರಗಳಲ್ಲಿ ಗಾಳ ನಿಂತುಹೋಗಿತ್ತು. ನದಿಯ ಈ ಭಾಗ 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿ ಅಭಯಾರಣ್ಯದೊಳಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೊಲ್ಲುವುದಷ್ಟೇ ಅಲ್ಲ, ಸೆರೆಹಿಡಿಯುವುದೂ ಎರೆ ಒಡ್ಡುವುದೂ ಬೇಟೆಯೇ. ಹಿಡಿದು ಬಿಟ್ಟರೂ ಅದು ಬೇಟೆ ಎಂಬ ಅರ್ಥ ಗಟ್ಟಿಯಾಗಿ, 2012ರ ಹೊತ್ತಿಗೆ ಅಭಯಾರಣ್ಯದೊಳಗಿನ ಗಾಳ ಪೂರ್ತಿ ನಿಂತಿತು. ಕಾಯ್ದೆಯ ಅಕ್ಷರದ ಮಟ್ಟಿಗೆ ಈ ಓದು ತಪ್ಪಲ್ಲ. ಮೃಗಗಳಿಗೆ ಹೊಂದುವ ನಿಯಮವನ್ನು ಮೀನಿಗೂ ಹೊಂದಿಸಿದ್ದು ನ್ಯಾಯವಾಗಿಯೂ ಕಾಣಬಹುದು.

ಫಲವೇನಾಯಿತು ಎಂಬುದನ್ನು ಮಾತ್ರ ಪ್ರಾಮಾಣಿಕವಾಗಿ ನೋಡಬೇಕು. ಆನೆಗಣತಿ, ಹುಲಿಗಣತಿ ನಡೆಯುತ್ತವೆ. ಹುಲಿಯ ಪಟ್ಟೆ ಎಣಿಸಲು ಮರಮರಕ್ಕೆ ಕ್ಯಾಮೆರಾ ಕಟ್ಟುತ್ತಾರೆ. ಮಡುವಿನ ತಳದ ಮೀನನ್ನು ಎಣಿಸುವ ವ್ಯವಸ್ಥೆ ಅಭಯಾರಣ್ಯಕ್ಕೆ ಇರಲಿಲ್ಲ. ಇದ್ದದ್ದು ಶಿಬಿರದ ಪುಸ್ತಕವೊಂದೇ, ಅದು ಮುಚ್ಚಿತು. ಹರಿಗೋಲಿನ ಅಂಬಿಗರ ದುಡಿಮೆ ಹೋಯಿತು. ಗಾಳದ ಕಾಲದಲ್ಲಿ ಪ್ರತಿದಿನ ನದಿಯ ಮೇಲಿರುತ್ತಿದ್ದ ಕಣ್ಣುಗಳು ಇಲ್ಲವಾದವು. ತೋಟೆ ಹಾಕುವವನಿಗೆ ಅಭಯಾರಣ್ಯದ ಬೋರ್ಡಿಗಿಂತ ಎದುರು ದಡದಲ್ಲಿ ಕೂತ ಹತ್ತು ಜನರ ಭಯ ದೊಡ್ಡದು.

ಗಾಳದ ವಿರುದ್ಧದ ವಾದಗಳು ಹಗುರವಾದವೇನಲ್ಲ. ಮೊದಲನೆಯದು ನೋವಿನದು. ಮೀನಿಗೆ ನೋವಾಗುವುದಿಲ್ಲ ಎಂಬ ಹಳೆಯ ಮಾತು ಈಗ ನಿಲ್ಲುವುದಿಲ್ಲ. ಟ್ರೌಟ್ ಮೀನಿನ ತುಟಿಯಲ್ಲಿ ನೋವನ್ನು ಗ್ರಹಿಸುವ ನರತುದಿಗಳಿವೆ ಎಂದು ಬ್ರಿಟನ್ನಿನ ಲಿನ್ ಸ್ನೆಡನ್ 2003ರಲ್ಲಿ ತೋರಿಸಿದರು. ಮೋಜಿಗಾಗಿ ಒಂದು ಜೀವಿಗೆ ಗಾಳ ಚುಚ್ಚಿ ದಣಿಸುವುದು ಹಿಂಸೆಯಲ್ಲವೆಂದು ಯಾರೂ ಹೇಳಲಾಗದು. ಆದರೆ ಇನ್ನೊಂದು ತಕ್ಕಡಿಯಲ್ಲಿ ಏನಿದೆ ಎಂಬುದನ್ನೂ ನೋಡಬೇಕು. ಒಂದು ತೋಟೆ ಸಿಡಿದರೆ ಮಡುವಿನ ದೊಡ್ಡ ಮೀನು, ಮರಿ, ಏಡಿ ಎಲ್ಲ ಸಾಯುತ್ತವೆ. ತೇಲಿದವು ಮಾತ್ರ ಬುಟ್ಟಿಗೆ ಹೋಗುತ್ತವೆ, ಮುಳುಗಿದವು ಅಲ್ಲೇ ಕೊಳೆಯುತ್ತವೆ. ಕೆನಡಾದ ಶ್ಯಾನನ್ ಬೋವರ್ ಮತ್ತು ಸಂಗಡಿಗರು ಕಾವೇರಿಯ ನೀಲಿರೆಕ್ಕೆ ಮಹಶೀರ್‌ಗಳ ಮೇಲೆ, ಹಿಡಿದು ಬಿಟ್ಟಾಗ ಅವುಗಳ ದೇಹಕ್ಕೆ ಏನಾಗುತ್ತದೆ ಎಂದು ಅಧ್ಯಯನ ಮಾಡಿ 2016ರಲ್ಲಿ ಪ್ರಕಟಿಸಿದ್ದಾರೆ. ಹೋರಾಟ ಉದ್ದವಾದಷ್ಟೂ, ನೀರಿನಿಂದ ಹೊರಗಿಟ್ಟ ಹೊತ್ತು ಹೆಚ್ಚಿದಷ್ಟೂ ಮೀನಿನ ದಣಿವು ಹೆಚ್ಚು. ಮುಳ್ಳಿಲ್ಲದ ಗಾಳ, ಗಟ್ಟಿ ನೂಲು, ನೀರಿನೊಳಗೇ ಗಾಳ ಬಿಡಿಸುವುದು, ಎತ್ತಿ ಹಿಡಿದು ಫೋಟೋ ತೆಗೆಸಿಕೊಳ್ಳುವ ಆಸೆಯನ್ನು ಬಿಡುವುದು, ಇವೆಲ್ಲ ಹಿಂಸೆಯನ್ನು ಕಡಿಮೆ ಮಾಡುವ ಸಾಧ್ಯ ಮಾರ್ಗಗಳು. ಹಳೆಯ ಶಿಬಿರಗಳಲ್ಲಿ ಮೀನಿನ ತುಟಿಗೆ ಹಗ್ಗ ಕಟ್ಟಿ, ಫೋಟೋಗೆ ಬೆಳಕು ಬರುವವರೆಗೆ ನೀರಿನಲ್ಲಿ ಇರಿಸುತ್ತಿದ್ದದ್ದುಂಟು. ಅಂಥದ್ದನ್ನು ಮತ್ತೆ ಬರಗೊಡಬಾರದು.

ಎರಡನೆಯ ವಾದ ಇನ್ನೂ ಬಲವಾದದ್ದು, ಗಾಳದವರಿಗೆ ನೇರ ತಾಗುವಂಥದ್ದು. ನೀಲಿರೆಕ್ಕೆಯ ಮಹಶೀರ್ ಕಾವೇರಿಗೆ ಬಂದದ್ದು ಹೇಗೆ? ಲೋಣಾವಳದಲ್ಲಿ ಟಾಟಾ ವಿದ್ಯುತ್ ಕಂಪನಿಯ ಮೀನುಮರಿ ಕೇಂದ್ರ 1970ರ ದಶಕದಿಂದ ಈ ಮೀನನ್ನು ಮರಿ ಮಾಡಿಸುತ್ತ ಬಂದಿದೆ. ಅಲ್ಲಿಂದ ತಂದ ಮರಿಗಳನ್ನು ಕಾವೇರಿಗೆ ಬಿಟ್ಟವರು ಇಲಾಖೆಯವರು ಮತ್ತು ಗಾಳದ ಸಂಘಗಳವರು. ಮಹಶೀರ್ ಎಂದರೆ ಮಹಶೀರೇ ಎಂದು ತಿಳಿದು, ಒಳ್ಳೆಯ ಮನಸ್ಸಿನಿಂದಲೇ ಬಿಟ್ಟರು. ಹೊರಗಿನ ಮೀನು ಹೆಚ್ಚಿದಂತೆ ಮನೆಯ ಮೀನು ಹಿಂದೆ ಸರಿಯಿತು. ಅಳಿವಿಗೆ ಇದು ದೊಡ್ಡ ಕಾರಣವೆಂಬುದು ಸಂಶೋಧಕರ ಅನುಮಾನ. ಎಂದರೆ ಗಾಳದವರು ಕಾವಲುಗಾರರೂ ಹೌದು, ಹಾನಿಯಲ್ಲಿ ಪಾಲುದಾರರೂ ಹೌದು. ಆದರೆ ಈ ಹಾನಿಯೂ ಬೆಳಕಿಗೆ ಬಂದದ್ದು ಅವರದೇ ಪುಸ್ತಕದಿಂದ. ಪುಸ್ತಕ ಇರದಿದ್ದರೆ ಮಹಶೀರ್ ಸಂತತಿ ಚೆನ್ನಾಗಿದೆ ಎಂದೇ ಎಲ್ಲರೂ ನಂಬಿರುತ್ತಿದ್ದರು, ಮರಿಗಳ ಲಾರಿ ಇನ್ನೂ ಬರುತ್ತಿತ್ತು.

ಬಂಗಾಳದಲ್ಲಿ ಗಾಳದ ಹುಚ್ಚು ಕಡಿಮೆಯಿಲ್ಲ. ಟಿಕೆಟ್ ಕೊಂಡು ಕೊಳದ ದಡದಲ್ಲಿ ಬೆಳಗಿನಿಂದ ಸಂಜೆವರೆಗೆ ಕೂರುವ, ಎರೆಯ ಮಸಾಲೆಯನ್ನು ಮನೆಯ ಗುಟ್ಟಿನಂತೆ ಕಾಪಾಡುವ ಹವ್ಯಾಸಿಗಳ ದೊಡ್ಡ ಬಳಗವೇ ಅಲ್ಲಿದೆ. ಅಲ್ಲಿ ರೋಹು, ಕಾಟ್ಲಾಗಳನ್ನು ಕೊಳದ ಒಡೆಯ ಬಿಟ್ಟು ಬೆಳೆಸಿರುತ್ತಾನೆ, ಹಿಡಿದದ್ದು ಅಡಿಗೆಮನೆಗೆ ಹೋಗುತ್ತದೆ, ಮುಂದಿನ ವರ್ಷ ಮತ್ತೆ ಮರಿ ಬಿಡುತ್ತಾರೆ. ಕಾಡುನದಿಯ ಗಾಳಕ್ಕೆ ಈ ಮಾದರಿ ಹೊಂದುವುದಿಲ್ಲ.

ಹೊಂದಬಹುದಾದ ಮಾದರಿ ದೂರದಲ್ಲಿದೆ. ಅಮೆರಿಕದ ಮಿನೆಸೋಟಾ ಮತ್ತು ಕೆನಡಾದ ಒಂಟಾರಿಯೋ ಗಡಿಯಲ್ಲಿ ಸಾವಿರಕ್ಕೂ ಹೆಚ್ಚು ಸರೋವರಗಳ ಕಾಡುಪ್ರದೇಶವಿದೆ. ಈಚೆ ಬೌಂಡರಿ ವಾಟರ್ಸ್, ಆಚೆ ಕ್ವೆಟಿಕೊ. ಜನ ಅಲ್ಲಿಗೆ ಹೋಗುವುದು ಕನೂ ದೋಣಿಯಲ್ಲಿ. ಒಂದು ಸರೋವರ ಮುಗಿದಲ್ಲಿ ದೋಣಿಯನ್ನು ಹೆಗಲಿಗೇರಿಸಿ ಕಾಡುದಾರಿಯಲ್ಲಿ ನಡೆದು ಮುಂದಿನ ಸರೋವರಕ್ಕೆ ಇಳಿಯುತ್ತಾರೆ. ಅವರು ಹುಡುಕುವ ಮೀನುಗಳು ಮುಖ್ಯವಾಗಿ ಎರಡು. ಜೊಂಡಿನ ಮರೆಯಲ್ಲಿ ಅಲುಗಾಡದೆ ಕಾದಿದ್ದು ಒಮ್ಮೆಲೇ ಎರಗುವ, ಉದ್ದ ಮೂತಿಯ ಪೈಕ್. ಕಣ್ಣಿನೊಳಗೆ ಬೆಳಕನ್ನು ಹಿಂತಿರುಗಿಸುವ ಪೊರೆಯಿದ್ದು, ಮುಸ್ಸಂಜೆಯ ಮಂದ ಬೆಳಕಿನಲ್ಲಿ ಬೇಟೆಗೆ ಹೊರಡುವ ವಾಲ್‌ಐ. ವಾಲ್‌ಐ ತಿನ್ನಲು ರುಚಿ, ಸಂಜೆಯ ಬಿಡಾರದಲ್ಲಿ ಅದನ್ನು ಹುರಿದು ತಿನ್ನುವುದು ಆ ಪ್ರವಾಸದ ಭಾಗವೇ. ಕಾಡಿನ ಹೆಸರಿನಲ್ಲಿ ಅಲ್ಲಿ ಗಾಳವನ್ನು ನಿಷೇಧಿಸಿಲ್ಲ, ಅಳತೆಗೆ ಒಳಪಡಿಸಿದ್ದಾರೆ. ಪ್ರತಿ ಪ್ರವೇಶದ್ವಾರದಿಂದ ದಿನಕ್ಕೆ ಇಷ್ಟೇ ತಂಡ ಎಂಬ ಮಿತಿಯಿದೆ. ಮಿನೆಸೋಟಾದ ಈಶಾನ್ಯ ವಲಯದಲ್ಲಿ 30ರಿಂದ 40 ಅಂಗುಲದ ಪೈಕ್ ಸಿಕ್ಕರೆ ನೀರಿಗೆ ಬಿಡಲೇಬೇಕು, ಏಕೆಂದರೆ ಮೊಟ್ಟೆಯಿಡುವ ದೊಡ್ಡ ಹೆಣ್ಣುಗಳು ಆ ಗಾತ್ರದವು. 20 ಅಂಗುಲ ಮೀರಿದ ವಾಲ್‌ಐ ಒಬ್ಬರಿಗೆ ಒಂದೇ. ಕ್ವೆಟಿಕೊದಲ್ಲಿ ಮುಳ್ಳಿಲ್ಲದ ಗಾಳ, ಕೃತಕ ಎರೆ ಕಡ್ಡಾಯ. ಹುಳುವನ್ನೂ ಜೀವಂತ ಮೀನನ್ನೂ ಒಯ್ಯುವಂತಿಲ್ಲ, ಬೇರೆ ನೀರಿನ ಜೀವಿಗಳು ಅದರೊಂದಿಗೆ ಬರದಿರಲಿ ಎಂದು. ಈ ಕೊನೆಯ ಎಚ್ಚರ ಕಾವೇರಿಗೆ ಬೇಗ ಬಂದಿದ್ದರೆ ನೀಲಿರೆಕ್ಕೆಯ ಕತೆ ಬೇರೆಯಾಗಿರುತ್ತಿತ್ತು.

ಆ ನಾಡಿನ ಇನ್ನೊಂದು ಪ್ರಸಂಗ ನಮಗೆ ಹೆಚ್ಚು ಹತ್ತಿರದ್ದು. ಪಕ್ಕದ ವಿಸ್ಕಾನ್‌ಸಿನ್ ರಾಜ್ಯದ ಉತ್ತರ ಭಾಗ ಓಜಿಬ್ವೆ ಮೂಲನಿವಾಸಿಗಳದು. 1837 ಮತ್ತು 1842ರ ಒಪ್ಪಂದಗಳಲ್ಲಿ ನೆಲ ಬಿಟ್ಟುಕೊಟ್ಟಾಗ ಮೀನು ಹಿಡಿಯುವ ಹಕ್ಕನ್ನು ಅವರು ಉಳಿಸಿಕೊಂಡಿದ್ದರು. 1983ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಆ ಹಕ್ಕನ್ನು ಎತ್ತಿಹಿಡಿಯಿತು. ವಸಂತದಲ್ಲಿ ಅವರು ಈಟಿಯಿಂದ ವಾಲ್‌ಐ ಹಿಡಿಯಲು ಇಳಿದಾಗ, ಮೀನೆಲ್ಲ ಮುಗಿದುಹೋಗುತ್ತದೆಂದು ಕೂಗುತ್ತ ಬಿಳಿಯ ಹವ್ಯಾಸಿಗಳ ಗುಂಪುಗಳು ದೋಣಿಕಟ್ಟೆಗಳಲ್ಲಿ ಮುತ್ತಿಗೆ ಹಾಕಿದವು, ಕಲ್ಲು ತೂರಿದವು. ಕೊನೆಗೆ ಬುಡಕಟ್ಟುಗಳೂ ಸರ್ಕಾರಗಳೂ ಸೇರಿ ಸರೋವರಗಳಲ್ಲಿ ಮೀನೆಣಿಕೆ ಮಾಡಿಸಿದವು. 1991ರಲ್ಲಿ ಬಂದ ಜಂಟಿ ವರದಿ, ಓಜಿಬ್ವೆಯರ ಈಟಿಯಿಂದ ವಾಲ್‌ಐ ಸಂತತಿಗೆ ಹಾನಿಯಾಗಿಲ್ಲವೆಂದು ಸಾರಿತು. ನಂಬಿಕೆಗೆ ನಂಬಿಕೆ ಎದುರಾಗಿ ನಿಂತಿದ್ದ ಜಗಳದಲ್ಲಿ ಎರಡೂ ಕಡೆಯವರು ಒಪ್ಪಬಹುದಾದ ಒಂದು ಸಂಖ್ಯೆ ಹುಟ್ಟಿತು. ಕಾವೇರಿಯಲ್ಲಿ ಅರಣ್ಯ ಇಲಾಖೆ, ಗಾಳದವರು, ಹಳ್ಳಿಯ ಬೆಸ್ತರು ಒಬ್ಬರನ್ನೊಬ್ಬರು ದೂರುವಾಗ ಅಂಥ ಸಂಖ್ಯೆ ಯಾರ ಕೈಯಲ್ಲೂ ಇಲ್ಲ.

ಗಾಳವೇ ಬೇಡ, ಭಕ್ತಿಯೇ ಮೀನನ್ನು ಕಾಯುತ್ತದೆ ಎನ್ನುವವರು ದೇವರ ಮೀನುಗಳ ಉದಾಹರಣೆ ಕೊಡುತ್ತಾರೆ. ಶೃಂಗೇರಿಯ ತುಂಗೆಯಲ್ಲಿ, ರಾಮನಾಥಪುರದ ಕಾವೇರಿಯಲ್ಲಿ, ಶಿಶಿಲದ ಕಪಿಲಾ ಹೊಳೆಯಲ್ಲಿ ಮಹಶೀರ್‌ಗಳು ಭಕ್ತರು ಎಸೆದ ಮಂಡಕ್ಕಿ ತಿಂದುಕೊಂಡು ನಿರ್ಭಯವಾಗಿ ಬದುಕಿವೆ. ಆ ಪರಂಪರೆ ದೊಡ್ಡದು, ಅದು ಉಳಿಯಬೇಕು. ಆದರೂ 1996ರಲ್ಲಿ ಶಿಶಿಲದ ಹೊಳೆಗೆ ಯಾರೋ ವಿಷ ಬೆರೆಸಿದಾಗ ದೇವರ ಮೀನುಗಳು ರಾಶಿ ರಾಶಿಯಾಗಿ ಸತ್ತವು. ಅವುಗಳ ನೆನಪಿಗೆ ಅಲ್ಲಿ ಸ್ಮಾರಕವಿದೆ. ಊರೇ ಎದ್ದು ಅತ್ತಿತು, ಏಕೆಂದರೆ ಆ ಮೀನುಗಳು ಊರಿನವು. ಕಾಡಿನೊಳಗಿನ ಮಡುವಿಗೆ ದೇವಸ್ಥಾನವಿಲ್ಲ, ಊರಿಲ್ಲ. ಅಲ್ಲಿ ವಿಷ ಬಿದ್ದರೆ ಅಳುವವರು ಬೇಕಾದರೆ, ಆ ನೀರಿನೊಂದಿಗೆ ಬದುಕು ಹೆಣೆದುಕೊಂಡ ಜನ ಅಲ್ಲಿರಬೇಕು.

ಗಾಳಕ್ಕಿಂತ ದೊಡ್ಡ ಅಪಾಯ ಬೇರೆಯೇ ಇದೆ. ಮಳೆಗಾಲದ ಕೆಂಪುನೀರು ಬಂದಾಗ ಮೊಟ್ಟೆಯಿಡಲು ಮೇಲಕ್ಕೆ ಏರುವ ಮೀನು ಮಹಶೀರ್. ಶಿವನಸಮುದ್ರದಲ್ಲಿ 1902ರಿಂದ ವಿದ್ಯುತ್ ಉತ್ಪಾದನೆ, ಮೇಲೆ ಕನ್ನಂಬಾಡಿ, ಉಪನದಿಗಳಿಗೂ ಅಣೆಕಟ್ಟುಗಳು. ಹರಿವು ಏರುವುದೂ ಇಳಿಯುವುದೂ ಈಗ ಗೇಟುಗಳ ಕೈಯಲ್ಲಿದೆ. ಇದರ ಮೇಲೆ 67 ಟಿಎಂಸಿ ಸಾಮರ್ಥ್ಯದ ಮೇಕೆದಾಟು ಜಲಾಶಯದ ಪ್ರಸ್ತಾವನೆ. ಬೆಂಗಳೂರಿನ ಕುಡಿಯುವ ನೀರಿನ ಅಗತ್ಯವನ್ನು ತಳ್ಳಿಹಾಕುವಂತಿಲ್ಲ, ನಿಜ. ಆದರೆ ಆ ಜಲಾಶಯದಲ್ಲಿ ಮುಳುಗುವ ಪ್ರದೇಶದ ಬಹುಭಾಗ ಇದೇ ಅಭಯಾರಣ್ಯದ್ದು. ಹಿಡಿದು ಬಿಡುವ ಗಾಳವನ್ನು ಬೇಟೆ ಎಂದು ಓದಿದ ಕಾಯ್ದೆಯೇ ಹರಿವ ನದಿಯ ಹತ್ತಾರು ಮಡುಗಳನ್ನು ನಿಂತ ನೀರಾಗಿಸುವ ಯೋಜನೆಯನ್ನು ತಡೆಯಬಲ್ಲದೇ ಎಂಬುದು ಮುಂದಿನ ವರ್ಷಗಳಲ್ಲಿ ತಿಳಿಯಲಿದೆ. ಅಂಥ ಯೋಜನೆಯ ಪರಿಸರ ವರದಿಯಲ್ಲಿ ಗೂನುಬೆನ್ನಿನ ಮೀನು ಎಷ್ಟಿದೆ, ಯಾವ ಮಡುವಿನಲ್ಲಿದೆ ಎಂಬ ಸಾಲಿಗೆ ಏನು ಬರೆಯುತ್ತಾರೆ? ಲೆಕ್ಕ ನಿಂತು ಒಂದು ದಶಕಕ್ಕಿಂತ ಹೆಚ್ಚಾಯಿತು. ಫರಕ್ಕಾದಲ್ಲಿ ಮೀನುಗಾರರ ಬುಟ್ಟಿಯಾದರೂ ಸಾಕ್ಷಿ ಹೇಳಿತು, ಇಲ್ಲಿ ಹೇಳುವವರಿಲ್ಲ.

ಹಾಗೆಂದು ಹಳೆಯ ಶಿಬಿರಗಳನ್ನು ಇದ್ದ ಹಾಗೆಯೇ ತೆರೆಯಬೇಕೆಂದು ಕೇಳುವುದು ತಪ್ಪಾಗುತ್ತದೆ. ಗಾಳವನ್ನು ಸಂಶೋಧನೆಯ ಪರವಾನಗಿಯಡಿ ತರಬೇಕು. ವರ್ಷಕ್ಕೆ ಇಷ್ಟೇ ದಿನ, ದಿನಕ್ಕೆ ಇಷ್ಟೇ ಕೋಲು, ಮೀನು ಮೇಲೇರುವ ತಿಂಗಳುಗಳಲ್ಲಿ ಪೂರ್ತಿ ಬಂದ್. ಮುಳ್ಳಿಲ್ಲದ ಒಂಟಿ ಗಾಳ. ಸಿಕ್ಕ ಪ್ರತಿ ಮೀನಿನ ಉದ್ದ, ಜಾತಿ, ಮಡುವಿನ ಹೆಸರು ಕಡ್ಡಾಯ ದಾಖಲೆ, ಆ ದಾಖಲೆ ಸಾರ್ವಜನಿಕ. ಹೊರಗಿನ ಮರಿ ಒಂದನ್ನೂ ಬಿಡಬಾರದು. ಬಿಡುವುದೇ ಆದರೆ ಮೋಯಾರ್‌ನಲ್ಲಿ ಉಳಿದಿರುವ ಗೂನುಬೆನ್ನಿನ ಮೀನುಗಳ ಸಂತತಿಯನ್ನು, ಅದೂ ವಿಜ್ಞಾನಿಗಳು ಒಪ್ಪಿದ ಮೇಲೆ. ಪರವಾನಗಿಯ ಹಣ ಬೆಂಗಳೂರಿನ ಖಜಾನೆಗೆ ಹೋಗದೆ ಮುತ್ತತ್ತಿ, ಭೀಮೇಶ್ವರಿ ಸುತ್ತಲಿನ ಹಳ್ಳಿಗಳ ಕಾವಲುಗಾರರ ಸಂಬಳಕ್ಕೆ ಹೋಗಬೇಕು. ಅಮೆರಿಕದಲ್ಲಿ 1950ರಿಂದ ಗಾಳದ ಸಾಮಗ್ರಿಗಳ ಮೇಲಿನ ತೆರಿಗೆ ಮೀನು ಸಂರಕ್ಷಣೆಗೆಂದೇ ಮೀಸಲಾಗಿ ರಾಜ್ಯಗಳಿಗೆ ಹೋಗುತ್ತಿದೆ. ಇಲ್ಲಿ ಅಷ್ಟು ದೊಡ್ಡ ವ್ಯವಸ್ಥೆ ಬೇಕಿಲ್ಲ, ನದಿಯ ದುಡಿಮೆ ನದಿಗೆ ಮರಳಿದರೆ ಸಾಕು.

ಇದಕ್ಕೆ ಕಾಯ್ದೆಯಲ್ಲೇ ದಾರಿಯಿದೆ. ಶಿಕ್ಷಣ ಮತ್ತು ವೈಜ್ಞಾನಿಕ ಸಂಶೋಧನೆಗಾಗಿ ಮುಖ್ಯ ವನ್ಯಜೀವಿ ಪರಿಪಾಲಕರು ಅನುಮತಿ ಕೊಡಬಹುದು. ಆ ದಾರಿಯಲ್ಲಿ ಮೊದಲ ಐದು ವರ್ಷಗಳನ್ನು ಪ್ರಯೋಗವೆಂದೇ ನಡೆಸಿ, ಲೆಕ್ಕ ಇಳಿಮುಖವಾದರೆ ಅಥವಾ ಬಿಟ್ಟ ಮೀನುಗಳು ಸಾಯುತ್ತಿವೆಯೆಂದು ಕಂಡುಬಂದರೆ ಗಾಳವನ್ನು ಮತ್ತೆ ನಿಲ್ಲಿಸುವ ಷರತ್ತನ್ನು ಪರವಾನಗಿಯ ಮೊದಲ ಪುಟದಲ್ಲೇ ಬರೆದಿಡಬೇಕು. ಹರಿಗೋಲು ನಡೆಸಿದ ಹಳೆಯ ಅಂಬಿಗರಲ್ಲಿ ಹಲವರಿಗೆ ಈಗ ವಯಸ್ಸಾಗಿದೆ. ಮಡುಗಳ ಅವರ ತಿಳಿವಳಿಕೆ ಅವರ ಮಕ್ಕಳಿಗೆ ದಾಟಬೇಕಾದರೆ ಈ ಪ್ರಯೋಗ ಬೇಗ ಶುರುವಾಗಬೇಕು.